ರುಚಿರಾಯರು ಉಂಡ ಸಾರು

ಸಾರಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ಎಂಬುದು ಅದನ್ನು ಮಾಡಿದವಳಿಗೇ ಗೊತ್ತಿರಲಿಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. ಬಿಸಿ ಅಂತ ಮಾತ್ರ ತಿಳಿಯಿತು. ಬರೀ ನೀರು ಕಾಯಿಸಿ ನೆಕ್ಕಿದ್ದರೂ ಅಷ್ಟೇ ತಿಳಿಯುತ್ತಿತ್ತು.

ಹೋದ ವರ್ಷ ಬಂದ ಜ್ವರ ವಾಪಸ್ಸು ಹೋಗುವಾಗ ಅವಳ ಬಾಯಿರುಚಿಯನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಆ ಗುಟ್ಟು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ದಾಟುವಂತೆಯೂ ಇರಲಿಲ್ಲ. ದ್ವೀಪದ ದಡದಲ್ಲಿ ತೆಂಗಿನಗರಿ ಹೊದಿಸಿದ ಅವಳ ಊಟದಂಗಡಿ ನಡೆಯುತ್ತಿದ್ದದ್ದೇ ಅವಳ ಕೈರುಚಿಯ ಹೆಸರಿನಲ್ಲಿ. ಗಂಡ ಮೀನು ಹಿಡಿದು ತರುತ್ತಿದ್ದ. ಅವಳು ಬೇಯಿಸುತ್ತಿದ್ದಳು. ಗಂಡನ ತಂಗಿ ನೆಕ್ಕಿ ನೋಡಿ, "ಇನ್ನೊಂದು ಚಿಟಿಕೆ, ಅತ್ತಿಗೆ" ಅನ್ನುತ್ತಿದ್ದಳು. ಅಲ್ಲಿಗೆ ಕೈರುಚಿ ಸಿದ್ಧ.

ಆ ನಾದಿನಿ ಅವತ್ತೇ ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬೆಳಗಿನ ದೋಣಿಯಲ್ಲಿ ಆಚೆ ದಡದ ಡಾಕ್ಟರ ಹತ್ತಿರ ಹೋಗಿದ್ದಳು. ರುಚಿರಾಯರು ಬರುತ್ತಿದ್ದದ್ದೂ ಅವತ್ತೇ.

ರುಚಿರಾಯ ಎಂಬುದು ಜನ ಇಟ್ಟ ಹೆಸರು. ರಜೆಗೆ ಬಂದವರನ್ನು ಹಿಂಡು ಕಟ್ಟಿಕೊಂಡು ಊರೂರಿನ ಊಟ ತೋರಿಸುವುದು, ಅದರ ಬಗ್ಗೆ ಟಿವಿಯಲ್ಲಿ ಮಾತಾಡುವುದು ಅವರ ಕಸುಬು. ಅವರು ಹೊಗಳಿದ ಕಡೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಮುಖ ಸಿಂಡರಿಸಿದ ಕಡೆ ಆಮೇಲೆ ನೊಣಗಳು ಮಾತ್ರ ಊಟಕ್ಕೆ ಬರುತ್ತಿದ್ದವು. ದೋಣಿಕಟ್ಟೆಯ ಪಕ್ಕದ ಹೋಟೆಲಿನಲ್ಲಿ "ಹುಳಿ ಮುಂದಾಯ್ತು" ಅಂದರು. ಆ ಹೋಟೆಲಿನವನು ಈಗ ಬಲೆ ಹೊಲಿಯುತ್ತಿದ್ದಾನೆ.

ಆ ಹೆದರಿಕೆಗೇ ಅವಳು ಹಿಂದಿನ ದಿನ ಅಡುಗೆಮನೆಯನ್ನೆಲ್ಲ ತಿಕ್ಕಿ ತೊಳೆದು, ಡಬ್ಬಿಗಳನ್ನು ಒರೆಸಿ ಸಾಲಾಗಿ ಜೋಡಿಸಿದ್ದಳು. ಈಗ ಅಳತೆಯನ್ನು ಕೈಗೇ ಬಿಟ್ಟು, ಒಲೆಯಿಂದ ಪಾತ್ರೆ ಇಳಿಸಿದಳು.

ಮಧ್ಯಾಹ್ನ ಹಿಂಡು ಬಂತು. ಅಗಲವಾದ ಟೋಪಿಗಳು, ಮೂಗಿನ ಮೇಲೆ ಬಿಳಿ ಮುಲಾಮು, ಎಲ್ಲರ ಕೈಯಲ್ಲೂ ಫೋನು. ಮಸಿ ಹಿಡಿದ ಗೋಡೆಯ ಫೋಟೋ ತೆಗೆದರು. ಒಂದು ಕಾಲು ಕುಂಟುವ ಬೆಂಚಿನ ಮೇಲೆ ಕೂತು, "ಎಷ್ಟು ಸಹಜವಾಗಿದೆ ನೋಡಿ" ಅಂದರು. ತಮ್ಮ ಮನೆಯ ಬೆಂಚು ಹಾಗೆ ಕುಂಟಿದ್ದರೆ ಬಡಗಿಯನ್ನು ಕರೆಸುತ್ತಿದ್ದರು.

ಅವಳು ಅನ್ನ, ಮೀನಿನ ಸಾರು ಬಡಿಸಿ ಬಾಗಿಲ ಮರೆಯಲ್ಲಿ ನಿಂತಳು.

ರುಚಿರಾಯರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಎಲ್ಲರೂ ಕೈ ತಡೆದು ಅವರ ಮುಖವನ್ನೇ ನೋಡುತ್ತಿದ್ದರು. ಅವರು ಪಕ್ಕದಲ್ಲಿದ್ದ ಬ್ಯಾಂಕ್ ಮ್ಯಾನೇಜರೊಬ್ಬರ ಕಡೆ ತಿರುಗಿ ನಕ್ಕರು.

"ಮೊದಲು ನೀವು ಹೇಳಿ ಸರ್. ನಾನು ಬಾಯಿ ಬಿಟ್ರೆ ನಿಮ್ಮ ನಾಲಿಗೆ ನನ್ನ ಮಾತೇ ಕೇಳುತ್ತೆ."

ಎಂಥ ವಿನಯ, ಅಂದುಕೊಂಡಳು ಅಡುಗೆಯವಳು.

ಮ್ಯಾನೇಜರರು ತುತ್ತು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಏನೋಪ್ಪ... ಒಂಥರಾ ಸಿಹಿ ಅನ್ನಿಸ್ತು."

ರುಚಿರಾಯರು ಕಣ್ಣು ಮುಚ್ಚಿದರು. "ಅದೇ ಸರ್, ಅದೇ. ಬೆಳಿಗ್ಗೆ ಕಡಲಲ್ಲಿ ಈಜ್ತಿದ್ದ ಮೀನಿಗೆ ಮಾತ್ರ ಆ ಸಿಹಿ ಬರೋದು. ಐಸಿನ ಮೀನು ತಿಂದು ತಿಂದು ನಮಗೆ ಅದು ಮರೆತೇ ಹೋಗಿದೆ."

ತಟ್ಟೆಯನ್ನು ಆಗಲೇ ಪಕ್ಕಕ್ಕೆ ಸರಿಸಿದ್ದ ಮ್ಯಾನೇಜರರ ಹೆಂಡತಿ ಮೆಲ್ಲಗೆ ಹತ್ತಿರ ಎಳೆದುಕೊಂಡಳು. "ಹೌದು, ಈಗ ಗೊತ್ತಾಗ್ತಿದೆ. ನುಂಗಿದ ಮೇಲೆ ಬರುತ್ತೆ ಅದು." ಇನ್ನೊಬ್ಬರಿಗೆ ಅದರಲ್ಲಿ ಕಡಲಗಾಳಿ ಸಿಕ್ಕಿತು. ಮತ್ತೊಬ್ಬರಿಗೆ ತೀರಿಹೋದ ಅಜ್ಜಿ ನೆನಪಾದರು. ಎಲ್ಲರೂ ಎರಡನೇ ಸಲ ಬಡಿಸಿಕೊಂಡರು. ಪಾತ್ರೆಯ ತಳ ಕಂಡಿತು.

ಅವರು ದೋಣಿಕಟ್ಟೆಯ ಕಡೆ ಹೊರಟಮೇಲೆ ಅವಳು ಗೋಡೆಗೊರಗಿ ಕೂತು ಉಸಿರು ಬಿಟ್ಟಳು. ನಾಲಿಗೆ ಮರೆತರೂ ಕೈ ಮರೆತಿಲ್ಲ!

ಅಷ್ಟರಲ್ಲಿ ನಾದಿನಿ ಬಂದಳು. ಹಲ್ಲು ಕೀಳಿಸಿಕೊಂಡ ಬಾಯಿಯ ಒಂದು ಬದಿಗೆ, ತಳದಲ್ಲಿ ಉಳಿದಿದ್ದ ಸಾರನ್ನು ಹಾಕಿಕೊಂಡವಳೇ ಅಂಗಳಕ್ಕೆ ಓಡಿ ಉಗಿದಳು.

"ಅತ್ತಿಗೆ, ಯಾವ ಡಬ್ಬಿಯಿಂದ ಹಾಕಿದ್ರಿ? ಇದರಲ್ಲಿ ಒಂದು ಹರಳು ಉಪ್ಪಿಲ್ಲ. ಪೂರಾ ಸಕ್ಕರೆ."

ಅವಳು ಒಳಗೆ ಹೋಗಿ ನೋಡಿದಳು. ಸಾಲಾಗಿ ಜೋಡಿಸಿದ ಡಬ್ಬಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿದ್ದವು. ಒಂದು ಗಳಿಗೆ ಬಿಟ್ಟು ಅವಳ ಕಣ್ಣು ತುಂಬಿಬಂತು. ಅಂಥ ನಾಲಿಗೆಗೆ ಇದು ಗೊತ್ತಾಗದೆ ಇರುತ್ತದೆಯೇ? ಮೊದಲ ತುತ್ತಿಗೇ ಗೊತ್ತಾಗಿದೆ. ಗೊತ್ತಿದ್ದೂ ಹತ್ತು ಜನರ ಮುಂದೆ ಬಿಟ್ಟುಕೊಟ್ಟಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನಾದಿನಿ ತಡೆದಳು. "ತಿಂದ್ರು, ಹೊಗಳಿದ್ರು, ಹೋಗ್ತಿದ್ದಾರೆ. ನೀವ್ಯಾಕೆ ಹೋಗಿ ಮೈಮೇಲೆ ಎಳ್ಕೊತೀರಾ?"

"ಅಷ್ಟು ದೊಡ್ಡವರು ನನ್ನ ಮಾನ ಉಳಿಸಿದ್ದಾರೆ ಕಣೇ. ಒಂದು ಮಾತು ಹೇಳದೆ ಇರೋಕಾಗುತ್ತಾ?"

ದೋಣಿಕಟ್ಟೆಯಲ್ಲಿ ಹಿಂಡು ಆಗಲೇ ದೋಣಿ ಹತ್ತುತ್ತಿತ್ತು. ರುಚಿರಾಯರು ಕೊನೆಯಲ್ಲಿ ನಿಂತಿದ್ದರು. ಅವಳು ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿಬಿಟ್ಟಳು: ಜ್ವರ, ಹೋದ ರುಚಿ, ಒಂದು ವರ್ಷದಿಂದ ತನ್ನ ಪರವಾಗಿ ನೆಕ್ಕಿ ನೋಡುವ ನಾದಿನಿ, ಇವತ್ತಿನ ಸಕ್ಕರೆ.

"ನಿಮಗೆ ಗೊತ್ತಾಗಿಯೂ ನನ್ನನ್ನ ಕಾಪಾಡಿದ್ರಿ. ಈ ಉಪಕಾರ ನಾನು ಮರೆಯಲ್ಲ ಸ್ವಾಮಿ."

ರುಚಿರಾಯರ ಮುಖದ ಬಣ್ಣ ಇಳಿಯಿತು. "ಸಕ್ಕರೆನಾ?" ಅಂದರು. ದೋಣಿಯ ಕಡೆ ಒಮ್ಮೆ ನೋಡಿ, ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಅಕ್ಕಾ," ಅಂದರು ಪಿಸುದನಿಯಲ್ಲಿ, "ನಿಮ್ಮ ನಾದಿನಿಯಂಥವರು ಇನ್ನೊಬ್ಬರು ಎಲ್ಲಾದರೂ ಸಿಗ್ತಾರಾ? ನನಗೂ ಒಬ್ಬರು ಬೇಕಾಗಿತ್ತು."