ಅಕ್ಕ ಕೊಟ್ಟ ನಿದ್ದೆ

ಹೃದಯದ ಆಪರೇಷನ್‌ಗೆ ರಕ್ತದ ಹಾಗೆ ನಾಲ್ಕು ತಾಸಿನ ನಿದ್ದೆಯನ್ನೂ ಯಾರಾದರೂ ದಾನ ಕೊಡಬೇಕಿತ್ತು. ಒಡಹುಟ್ಟಿದವರ ನಿದ್ದೆಯಷ್ಟೇ ಹೊಂದುತ್ತದೆ. ತಮ್ಮ ಮಹಾರುದ್ರನಿಗಾಗಿ ಕಸ್ತೂರೆವ್ವ ಆಸ್ಪತ್ರೆಯಲ್ಲಿ ಮಲಗಿ ತನ್ನದನ್ನು ಕೊಟ್ಟಳು.

"ಕನಸು ಬಿದ್ದಿದ್ರ ಹೇಳ್ರಿ, ಬರಕೊಂಡು ಸೋಸಿ ತೆಗೀತೀವಿ. ಇಲ್ಲಾಂದ್ರ ನಿದ್ದೆ ಜೋಡಿ ಅದೂ ಅವರಿಗೆ ಹೋಗ್ತದ," ಎಂದರು ಅರಿವಳಿಕೆ ಡಾಕ್ಟರ್ ಪರ್ವೀನ್.

ಬಿದ್ದ ಕನಸು ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. "ಏನೂ ಬಿದ್ದಿಲ್ರೀ," ಎಂದು ಕಸ್ತೂರೆವ್ವ ಫಾರಮ್ಮಿಗೆ ಸಹಿ ಹಾಕಿದಳು.

ಆಪರೇಷನ್ ಮುಗಿದು ಮಹಾರುದ್ರ ಕಣ್ಣು ಬಿಟ್ಟ. "ಅಕ್ಕಾ, ಸಾಯೋ ಮುಂದ ಅವ್ವ ನನ್ನ ಹೆಸರ ಎತ್ತಲಿಲ್ಲಂತ ಹೇಳಿದ್ದಿ. ಕನಸಿನ್ಯಾಗ ಕರೀಲಿಕತ್ತಿದ್ಲು."

"ಕನಸು, ಬಿಡಪಾ" ಎಂದರೆ ಮುಗಿಯುತ್ತಿತ್ತು. ಆದರೆ ಅವನ ಎದೆಯ ಮೇಲಿನ ಪಟ್ಟಿ ಕಂಡು ಅವಳ ಬಾಯಿಗೆ ಸುಳ್ಳು ಬರಲಿಲ್ಲ.

"ಮೂರು ದಿನ ಕರದ್ಲು. ನಮ್ಮಿಬ್ಬರ ಜಗಳದ ಸಿಟ್ಟಿಗೆ ನಾನ ನಿನಗ ಫೋನ್ ಹಚ್ಚಲಿಲ್ಲ."