ಸರ್ಪಸುತ್ತಿನ ಮುಲಾಮು

ಪಾತಮ್ಮ ಚಳ್ಳಕೆರೆಯ ಮೆಡಿಕಲ್ ಶಾಪಿನಲ್ಲಿ ಮುಲಾಮಿನ ಟ್ಯೂಬನ್ನು ಗಾಜಿನ ಮೇಲೆ ಕುಕ್ಕಿ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇದಕ್ಕೆ ನನ್ನ ಸೊಸೆ ಖಾರದಪುಡಿ ಬೆರೆಸವ್ಳೆ, ನೋಡಮ್ಮ. ಹಚ್ಚಿದಾಗೆಲ್ಲ ಪಕ್ಕೆಗೆ ಬೆಂಕಿ ಇಟ್ಟಂಗಾಗ್ತೈತೆ."

ಸರ್ಪಸುತ್ತಿನ ಗುಳ್ಳೆಗಳು ಒಣಗಿ ಮೂರು ತಿಂಗಳಾದರೂ ಪಕ್ಕೆಯ ನೋವು ಹೋಗಿರಲಿಲ್ಲ. ಹತ್ತು ದಿನದಿಂದ ಸೊಸೆ ರೂಪ ದಿನಕ್ಕೆ ಮೂರು ಸಲ ತಪ್ಪದೆ ಮುಲಾಮು ಹಚ್ಚುತ್ತಿದ್ದಳು. ಎಂದೂ ಇಲ್ಲದ ಆ ಶ್ರದ್ಧೆಯೇ ಪಾತಮ್ಮನಿಗೆ ಅನುಮಾನ ತಂದಿತ್ತು.

ಅಂಗಡಿಯ ಕಾಂಚನಾ ಟ್ಯೂಬು ತಿರುಗಿಸಿ ಓದಿ ನಕ್ಕಳು. "ಯಾರೂ ಬೆರೆಸಿಲ್ಲ ಕಣಜ್ಜಿ, ಇದನ್ನ ಮಾಡೋದೇ ಮೆಣಸಿನಕಾಯಿ ಸತ್ವದಿಂದ. ಮೊದಮೊದಲು ಉರೀತೈತೆ. ಬರ್ತಾ ಬರ್ತಾ ನೋವು ಹೇಳೋ ನರ ದಣಿದು ಸುಮ್ಮನಾಗ್ತೈತೆ. ಹಚ್ಚೋರು ಕೈಗೆ ಗ್ಲೌಸ್ ಹಾಕ್ಕೊಂತಾರೆ ತಾನೆ? ಇಲ್ಲಾಂದ್ರೆ ಅವರ ಬೆರಳೂ ಉರೀತವೆ."

ಪಾತಮ್ಮ ಟ್ಯೂಬು ಎತ್ತಿಕೊಂಡು ಹೊರಗೆ ಬಂದಳು. ಆಟೋ ಪಕ್ಕ ಕಾಯುತ್ತಿದ್ದ ರೂಪ, "ಏನಂದ್ರು ಅತ್ತೆ?" ಎಂದು ತೋಳು ಹಿಡಿಯಲು ಬಂದಳು. ಪಾತಮ್ಮ ಆ ಕೈಯನ್ನೇ ಹಿಡಿದು ಅಂಗೈ ಮೇಲಾಗಿ ತಿರುಗಿಸಿದಳು. ಬೆರಳ ತುದಿಗಳೆಲ್ಲ ಕೆಂಪಗೆ ಊದಿದ್ದವು.

"ಇಷ್ಟು ಉರೀತಿದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹಚ್ಚಿಸ್ಕೊಂತಿದ್ರಾ ಅತ್ತೆ?"