ಭಾವ ಕೂರಿಸಿದ ಟೈಲ್ಸು

ಸುತ್ತಿಗೆಯ ಹಿಡಿಯಿಂದ ಬಚ್ಚಲುಮನೆಯ ಹಳೇ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಿದ್ದ ಮೇಸ್ತ್ರಿ, ಒಂದಾದರೂ ಟೊಳ್ಳು ಸದ್ದು ಮಾಡಲಿ ಎಂದು ಒಳಗೊಳಗೇ ಹಾರೈಸುತ್ತಿದ್ದ. ಹಳೇದು ಗಟ್ಟಿಯಿದ್ದರೆ ಅದರ ಮೇಲೇ ಹೊಸದನ್ನು ಅಂಟಿಸಬಹುದು. ಟೊಳ್ಳಿದ್ದರೆ ಎಲ್ಲವನ್ನೂ ಒಡೆದು ತೆಗೆಯಬೇಕು. ಅವನಿಗೆ ಒಡೆಯುವ ಆಸೆ. ಏಕೆಂದರೆ ಎಂಟು ವರ್ಷದ ಹಿಂದೆ ಇವನ್ನು ಕೂರಿಸಿದ್ದು ಅವನ ಹೆಂಡತಿಯ ಅಣ್ಣ. ಈಗ ಕೈ ಬಿಡುವಿಲ್ಲವೆಂದು ಇವನನ್ನು ಕಳಿಸಿದವನೂ ಅವನೇ.

"ನಿಮ್ಮ ಭಾವನ ಕೈ ಅಂದ್ರೆ ಕೈ," ಎಂದಳು ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ. "ಬಣ್ಣ ಮಾಸಿತು ಅಂತ ಬದಲಾಯಿಸ್ತಿದ್ದೀವಿ, ಅಷ್ಟೇ. ನೀವು ಈಗ ಕೇಳಿದ್ದಕ್ಕಿಂತ ಅವರು ಆವತ್ತೇ ಜಾಸ್ತಿ ಕೇಳಿದ್ರು. ಚೌಕಾಸಿ ಮಾಡದೆ ಕೊಟ್ವಿ."

ಮೇಸ್ತ್ರಿ ಮುಂದಿನ ಟೈಲ್ಸನ್ನು ಇನ್ನೂ ಜೋರಾಗಿ ತಟ್ಟಿದ. ಮನೆಯಲ್ಲಿ ಹೆಂಡತಿ ಬಾಯಿ ತೆರೆದರೆ ಅಣ್ಣನ ಪುರಾಣ, ಇಲ್ಲೂ ಅದೇ. ಮೂಲೆ, ನಲ್ಲಿಯ ಸುತ್ತ, ನೆಲದಂಚು, ಎಲ್ಲಾ ತಟ್ಟಿದ. ಬಂಡೆ ತಟ್ಟಿದ ಹಾಗೆ ಗಟ್ಟಿ ಸದ್ದು.

"ಏನಂತೀರಿ? ಒಡೀಬೇಕಾ?"

ಹೂಂ ಅಂದುಬಿಟ್ಟಿದ್ದರೆ ಸಾಕಿತ್ತು. ಭಾವನ ಕೆಲಸವೂ ಮಣ್ಣುಪಾಲು, ಒಡೆದದ್ದಕ್ಕೆ ಎರಡು ದಿನದ ಕೂಲಿಯೂ ಕೈಗೆ. ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ.

"ಬೇಡಮ್ಮ. ಇಂಥ ಕೆಲಸ ಒಡೆಯೋಕೆ ಕೈ ಬರಲ್ಲ. ಇದರ ಮೇಲೇ ಕೂರಿಸ್ತೀನಿ." ಆಮೇಲೆ ಅವಳ ಮುಖ ನೋಡದೆ ಸೇರಿಸಿದ: "ಆದ್ರೆ ಭಾವನಿಗೆ ಕೊಟ್ಟಷ್ಟೇ ನನಗೂ ಕೊಡಬೇಕು."

"ಕೊಡೋಣ," ಎಂದಳು ಆಕೆ, ಒಂದು ಕ್ಷಣವೂ ಯೋಚಿಸದೆ. "ಕಡಿಮೆ ಹೇಳಿದ್ದು ನೀವೇ ಅಲ್ವಾ, ಮೇಸ್ತ್ರಿ?"